ಬಂದಿಯ ಪಾತ್ರಕ್ಕೆ ಪರಿಚಿತ ಮುಖ: ಚಿತ್ರ ನಿರ್ಮಾಪಕರಿಗೂ ನಿರ್ದೇಶಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಸರ್ಕಾರವೊಂದು ತನ್ನದೇ ಜನರನ್ನು ಅವರ ಮಾತಿಗಾಗಿ, ಪಕ್ಷಕ್ಕಾಗಿ ಇಲ್ಲವೇ ಹುಟ್ಟಿಗಾಗಿ ಬೆನ್ನಟ್ಟಿ ಹಿಡಿದು, ಸುಳ್ಳು ವಿಚಾರಣೆಗೆ ನಿಲ್ಲಿಸಿ, ಸೆರೆಗೆ ತಳ್ಳಿ, ಕೊಂದು, ಕೆಲವೊಮ್ಮೆ ಹೆಣವನ್ನೂ ಮರೆಮಾಡಿದ ಪ್ರಸಂಗಗಳನ್ನು ಕಥಾಚಿತ್ರವಾಗಿಸಲು ಹೊರಡುವ ನಿರ್ಮಾಪಕರನ್ನೂ ನಿರ್ದೇಶಕರನ್ನೂ, ಯಾವ ಪಾತ್ರಕ್ಕೆ ಯಾರು ಎಂದು ತೀರ್ಮಾನಿಸುವ ಹೊಣೆ ಹೊತ್ತವರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಚಿತ್ರರಂಗದವನಲ್ಲ, ವಿಮರ್ಶಕನೂ ಅಲ್ಲ. ಇಂಥ ಚಿತ್ರಗಳನ್ನು ಹುಡುಕಿಕೊಂಡು ನೋಡುವ, ನೋಡಿದ ಮೇಲೆ ಆ ಕಾಲದ ವಿಚಾರಣೆಯ ಕಡತಗಳೂ ಸೆರೆಯಿಂದ ಹೊರಬಂದವರ ಬರಹಗಳೂ ಏನು ಹೇಳುತ್ತವೆ ಎಂದು ತಾಳೆ ಹಾಕುವ ಅಭ್ಯಾಸವಿರುವ ಒಬ್ಬ ಪ್ರೇಕ್ಷಕ, ಅಷ್ಟೆ. ಪರಿಚಿತ ತಾರೆಯ ಮುಖ ಇಂಥ ಚಿತ್ರವನ್ನು ದುರ್ಬಲಗೊಳಿಸುತ್ತದೆಯೇ ಎಂಬ ಪ್ರಶ್ನೆ ಹೊಸ ಚಿತ್ರವೊಂದರ ಪಾತ್ರವರ್ಗ ಪ್ರಕಟವಾದಾಗಲೆಲ್ಲ ಏಳುತ್ತದೆ. ಹೌದು ಎನ್ನುವವರು ಒಂದು ಕಡೆ, ತಾರೆಯಿಲ್ಲದಿದ್ದರೆ ಚಿತ್ರವೇ ಇಲ್ಲ ಎನ್ನುವವರು ಇನ್ನೊಂದು ಕಡೆ ನಿಂತು, ಮಾತು ಅಲ್ಲಿಗೇ ನಿಲ್ಲುತ್ತದೆ. ಅದು ಇನ್ನೂ ಸ್ವಲ್ಪ ದೂರ ಹೋಗಬೇಕೆಂಬುದು ನನ್ನ ಆಸೆ.

ಬಹುಕಾಲ ನಾನು ಮೊದಲನೆಯ ಗುಂಪಿನವನಾಗಿದ್ದೆ. ನನ್ನ ವಾದ ಸರಳವಾಗಿತ್ತು. ದಮನದ ಯಂತ್ರ ಮೊದಲು ಮಾಡುವ ಕೆಲಸವೆಂದರೆ ಮನುಷ್ಯನನ್ನು ಯಾರೂ ಅಲ್ಲದವನನ್ನಾಗಿ ಮಾಡುವುದು. ಹೆಸರಿನ ಬದಲು ಒಂದು ಸಂಖ್ಯೆ, ಉಡುಪಿನ ಬದಲು ಸಮವಸ್ತ್ರ, ತಲೆಗೂದಲು ಬೋಳಿಸಿದ ಮೇಲೆ ಒಬ್ಬರಿಂದ ಒಬ್ಬರನ್ನು ಗುರುತಿಸಲಾಗದ ಸಾಲು. ತಾರೆಯಾದರೋ ಯಾವ ಸಾಲಿನಲ್ಲಿ ನಿಂತರೂ ಕಣ್ಣಿಗೆ ಬೀಳುವ ವ್ಯಕ್ತಿ, ಹಾಗೆ ಕಣ್ಣಿಗೆ ಬೀಳುವುದೇ ಆ ವೃತ್ತಿಯ ಬಂಡವಾಳ. ಹೀಗಿರುವಾಗ ಒಂದರ ಕಥೆಯನ್ನು ಇನ್ನೊಂದರ ಮುಖದಿಂದ ಹೇಳಿಸುವುದು ಮೂಲದಲ್ಲೇ ತಪ್ಪು ಎಂದು ನಾನು ನಂಬಿದ್ದೆ. ಈಗಲೂ ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತ ಹೋದ ಹಾಗೆ, ಚಿತ್ರವನ್ನು ಕೆಡಿಸುವುದು ಮುಖದ ಪರಿಚಯವಲ್ಲ, ಆ ಮುಖಕ್ಕೆ ನೀವು ಮೊದಲೇ ಕೊಟ್ಟಿರುವ ಮಾತು ಎಂಬುದು ನನಗೆ ಸ್ಪಷ್ಟವಾಗತೊಡಗಿತು.

ಮಾತು ಎಂದರೆ ಏನೆಂದು ಹೇಳುತ್ತೇನೆ. 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲಲು ಬಾಂಬಿಟ್ಟ ಕರ್ನಲ್ ಸ್ಟೌಫೆನ್‌ಬರ್ಗ್ ಕುರಿತ 'ವಾಲ್ಕೈರಿ' ಚಿತ್ರ 2008ರಲ್ಲಿ ಬಂದಾಗ ಆ ಪಾತ್ರವನ್ನು ಟಾಮ್ ಕ್ರೂಸ್ ಮಾಡಿದ್ದರು. ಸಂಚು ವಿಫಲವಾಯಿತು, ಹಿಟ್ಲರ್ ಬದುಕಿದ, ಸ್ಟೌಫೆನ್‌ಬರ್ಗ್‌ನನ್ನು ಅದೇ ರಾತ್ರಿ ಬರ್ಲಿನ್ನಿನ ಸೇನಾ ಕಚೇರಿಯ ಅಂಗಳದಲ್ಲಿ ಗುಂಡಿಟ್ಟು ಕೊಂದರು ಎಂಬುದು ಚಿತ್ರಮಂದಿರದೊಳಕ್ಕೆ ಕಾಲಿಡುವ ಮೊದಲೇ ನಮಗೆ ಗೊತ್ತು. ಆದರೂ ಆ ಮುಖ ತೆರೆಯ ಮೇಲಿರುವಷ್ಟು ಹೊತ್ತೂ ಮನಸ್ಸಿನ ಒಂದು ಮೂಲೆ ಅವನು ಹೇಗಾದರೂ ಪಾರಾಗುತ್ತಾನೆ ಎಂದು ಕಾಯುತ್ತಲೇ ಇರುತ್ತದೆ, ಏಕೆಂದರೆ ಆ ನಟನನ್ನು ನಾವು ಇಪ್ಪತ್ತು ವರ್ಷ ನೋಡಿದ್ದು ಹಾಗೆ ಪಾರಾಗುವುದನ್ನೇ. ಚಿತ್ರ ಅಚ್ಚುಕಟ್ಟಾಗಿದೆ, ನಟನೆಯಲ್ಲೂ ಕೊರತೆಯಿಲ್ಲ. ಆದರೂ ಸರ್ವಾಧಿಕಾರದೊಳಗೆ ಬದುಕುವುದೆಂದರೆ ಏನು ಎಂಬುದರ ಬದಲು, ಸಾಹಸವೊಂದು ಕೂದಲೆಳೆಯಲ್ಲಿ ತಪ್ಪಿಹೋದ ಬೇಸರ ಮಾತ್ರ ನನ್ನೊಡನೆ ಮನೆಗೆ ಬಂತು.

ಅದಕ್ಕೆ ಮೂರು ವರ್ಷ ಮೊದಲು, 2005ರಲ್ಲಿ, ಅದೇ ಆಡಳಿತಕ್ಕೆ ಬಲಿಯಾದ ಇನ್ನೊಬ್ಬರ ಬಗ್ಗೆ ಜರ್ಮನ್ ಭಾಷೆಯ ಚಿತ್ರವೊಂದು ಬಂದಿತ್ತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಕರಪತ್ರ ಹಂಚಿದ್ದಕ್ಕಾಗಿ 1943ರ ಫೆಬ್ರವರಿ 18ರಂದು ಬಂಧಿತಳಾಗಿ, ನಾಲ್ಕೇ ದಿನಗಳ ಬಳಿಕ, 21ನೆಯ ವಯಸ್ಸಿನಲ್ಲಿ, ಗಿಲೊಟಿನ್ನಿಗೆ ತಲೆಯೊಡ್ಡಬೇಕಾಗಿ ಬಂದ ಸೋಫಿ ಶೋಲ್‌ಳ ಕೊನೆಯ ದಿನಗಳ ಕಥೆ ಅದು. ಪೂರ್ವ ಜರ್ಮನಿಯ ಪತ್ರಾಗಾರದಲ್ಲಿ ಉಳಿದು 1990ರ ನಂತರವಷ್ಟೇ ಸಂಶೋಧಕರ ಕೈಗೆ ಸಿಕ್ಕ, ಹಿಟ್ಲರನ ರಹಸ್ಯ ಪೊಲೀಸರಾದ ಗೆಸ್ಟಾಪೊ ವಿಚಾರಣೆಯ ದಾಖಲೆಗಳನ್ನು ಆಧರಿಸಿದ್ದರಿಂದ, ಅದರ ಬಹುಭಾಗ ಒಂದು ಮೇಜು, ಎರಡು ಕುರ್ಚಿ, ಒಬ್ಬ ಅಧಿಕಾರಿ, ಒಬ್ಬ ವಿದ್ಯಾರ್ಥಿನಿ, ಇಷ್ಟರಲ್ಲೇ ನಡೆಯುತ್ತದೆ. ಆ ಪಾತ್ರ ಮಾಡಿದ ಯೂಲಿಯಾ ಯೆಂಚ್ ನನಗೆ ಆಗ ಅಪರಿಚಿತರು. ಹುಡುಗಿ ಮೊದಲು ಸುಳ್ಳು ಹೇಳಿ ಬಹುತೇಕ ಪಾರಾಗುವ ಹಂತಕ್ಕೆ ಬರುವಾಗ ನನಗೆ ಹುಟ್ಟಿದ್ದು ತಾರೆ ಕೊಡುವ ಭರವಸೆಯಲ್ಲ, ನಿಜವಾದ ಭಯ. ಆ ಮುಖ ಏನು ಮಾಡೀತು, ಎಲ್ಲಿ ಕುಸಿದೀತು ಎಂದು ಊಹಿಸಲು ನನ್ನ ಬಳಿ ಯಾವ ಹಳೆಯ ಲೆಕ್ಕವೂ ಇರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಪತ್ರ ಸುಲಭವಾಗಿ ಮುಗಿದುಹೋಗುತ್ತಿತ್ತು. ಆದರೆ ಈ ವಾದವನ್ನು ಒಂದೇ ಏಟಿಗೆ ಬುಡಮೇಲು ಮಾಡುವ ಚಿತ್ರವೊಂದಿದೆ. ಕೋಸ್ತಾ ಗಾವ್ರಾಸ್ ನಿರ್ದೇಶಿಸಿದ, 1970ರಲ್ಲಿ ತೆರೆಕಂಡ, ಇಂಗ್ಲಿಷಿನಲ್ಲಿ 'ದಿ ಕನ್ಫೆಷನ್' ಎಂದು ಕರೆಯಲ್ಪಡುವ ಆ ಫ್ರೆಂಚ್ ಚಿತ್ರದ ನಾಯಕ ಈವ್ ಮೊಂತಾಂ, ಅಂದಿನ ಫ್ರಾನ್ಸಿನಲ್ಲಿ ಹಾಡಿಗೂ ನಟನೆಗೂ ಮನೆಮಾತಾಗಿದ್ದ ತಾರೆ. ಅವರ ಪತ್ನಿ, ಅಷ್ಟೇ ಪ್ರಸಿದ್ಧ ನಟಿ ಸಿಮೋನ್ ಸಿನ್ಯೋರೆ, ತೆರೆಯ ಮೇಲೂ ಪತ್ನಿಯ ಪಾತ್ರದಲ್ಲಿದ್ದರು. ಚೆಕೊಸ್ಲೊವಾಕಿಯಾದ ವಿದೇಶಾಂಗ ಖಾತೆಯ ಉಪಮಂತ್ರಿಯಾಗಿದ್ದು 1951ರಲ್ಲಿ ಬಂಧಿತರಾದ ಆರ್ಟುರ್ ಲಂಡನ್ ಅವರ ಅನುಭವವೇ ಚಿತ್ರದ ಕಥೆ. 1952ರ ನವೆಂಬರಿನಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ತನ್ನದೇ ಪಕ್ಷದ ನಾಯಕರ ಮೇಲೆ ಪ್ರಾಗ್‌ನಲ್ಲಿ ನಡೆಸಿದ ವಿಚಾರಣೆಯಲ್ಲಿ 14 ಮಂದಿ ಆರೋಪಿಗಳಿದ್ದರು, ಎಲ್ಲರೂ ತಪ್ಪೊಪ್ಪಿಕೊಂಡರು, 11 ಮಂದಿಯನ್ನು ಗಲ್ಲಿಗೇರಿಸಲಾಯಿತು, ಲಂಡನ್ ಸೇರಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು.

ತಾರೆಯ ಮುಖ ಇಲ್ಲಿ ಏಕೆ ಅಡ್ಡಿಯಾಗುವುದಿಲ್ಲ ಎಂದು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಮೊದಲನೆಯ ಕಾರಣ ಕಣ್ಣಿಗೆ ಕಾಣುವಂಥದು: ಚಿತ್ರ ಆ ಮುಖವನ್ನು ನಮ್ಮೆದುರೇ ಸವೆಸುತ್ತದೆ. ನಿದ್ದೆಗೆಡಿಸಿ, ದಿನಗಟ್ಟಲೆ ನಡೆಸಿ, ಹಸಿವಿನಿಂದ ಸೊರಗಿಸಿ, ನಾವು ಬಲ್ಲ ಆ ಆತ್ಮವಿಶ್ವಾಸದ ನಗೆಯನ್ನು ಅಳಿಸುತ್ತ ಹೋಗಿ, ಕೊನೆಗೆ ಉಳಿಯುವುದು ಗುರುತು ಸಿಕ್ಕಿಯೂ ಸಿಗದ ಒಂದು ಮುಖ. ಅಪರಿಚಿತ ನಟನೊಬ್ಬ ಹೀಗೆ ಸವೆದಿದ್ದರೆ ಎಷ್ಟು ಸವೆದ ಎಂದು ಅಳೆಯಲು ನಮಗೆ ಅಳತೆಗೋಲು ಇರುತ್ತಿರಲಿಲ್ಲ. ಎರಡನೆಯ ಕಾರಣ ಆ ನಟನ ಸ್ವಂತ ಇತಿಹಾಸ. ಎಡಪಂಥದ ಬಹಿರಂಗ ಬೆಂಬಲಿಗರಾಗಿದ್ದ ಮೊಂತಾಂ 1956ರ ಕೊನೆಯಲ್ಲಿ, ಹಂಗೇರಿಯ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿಹಾಕಿದ ಕೆಲವೇ ವಾರಗಳ ನಂತರ, ವಿರೋಧಗಳ ನಡುವೆಯೂ ಸೋವಿಯತ್ ಒಕ್ಕೂಟಕ್ಕೆ ಹಾಡಲು ಹೋಗಿದ್ದರು. ಇದನ್ನು ಬಲ್ಲ ಫ್ರೆಂಚ್ ಪ್ರೇಕ್ಷಕನಿಗೆ ತೆರೆಯ ಮೇಲೆ ತಪ್ಪೊಪ್ಪಿಗೆ ಹೇಳುವವನ ಹಿಂದೆ ತನ್ನದೇ ಲೆಕ್ಕ ತೀರಿಸುತ್ತಿರುವ ಇನ್ನೊಬ್ಬನೂ ಕಾಣಿಸಿರಬೇಕು. ಅಂಥ ಭಾರವನ್ನು ಯಾವ ಹೊಸ ಮುಖವೂ ಹೊತ್ತು ತರಲಾರದು.

ಮೂರನೆಯದನ್ನು ನಾನು ತಡವಾಗಿ ಗಮನಿಸಿದೆ, ಈಗ ಅದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಪ್ರಾಗ್‌ನ ಆ ವಿಚಾರಣೆಯೇ ಒಂದು ನಾಟಕವಾಗಿತ್ತು. ಪ್ರಶ್ನೆಗಳೂ ಉತ್ತರಗಳೂ ಮೊದಲೇ ಬರೆದಿಟ್ಟವು. ಬಂದಿಗಳು ತಮ್ಮ ಪಾಲಿನ ಮಾತನ್ನು ಬಾಯಿಪಾಠ ಮಾಡಿ ಅಧಿಕಾರಿಗಳ ಮುಂದೆ ಒಪ್ಪಿಸಬೇಕಿತ್ತು. ನ್ಯಾಯಾಲಯಕ್ಕೆ ತರುವ ಮುನ್ನ ಹೊಟ್ಟೆಗೆ ಸರಿಯಾಗಿ ಹಾಕಿ, ನೋಡುವವರಿಗೆ ಅನುಮಾನ ಬಾರದಂತೆ ಅವರ ಮೈ ಮುಖಗಳನ್ನು ಸರಿಪಡಿಸಲಾಗುತ್ತಿತ್ತು. ಅಂದರೆ ಬಂದಿಯನ್ನು ನಟನನ್ನಾಗಿ ಮಾಡಿದ್ದು ಸಿನಿಮಾ ಅಲ್ಲ, ಪೊಲೀಸ್ ಇಲಾಖೆ. ಪಾತ್ರಕ್ಕೆ ಬಣ್ಣ ಹಚ್ಚಿ, ಮಾತು ಕಲಿಸಿ, ರಂಗಕ್ಕೆ ನೂಕುವುದು ದಮನದ ತಂತ್ರವೇ ಆಗಿರುವಾಗ, ಅದನ್ನು ತೋರಿಸಲು ನಟನೆಯ ಕಸುಬನ್ನು ಆಳವಾಗಿ ಬಲ್ಲ ಒಬ್ಬ ಪ್ರಸಿದ್ಧ ನಟ ಬಂದರೆ ಅದು ಅಸಂಗತವಾಗುವುದಿಲ್ಲ. ಮೊಂತಾಂ ನ್ಯಾಯಾಧೀಶರ ಮುಂದೆ ನಿಂತು ಏರಿಳಿತವಿಲ್ಲದೆ ಮಾತು ಒಪ್ಪಿಸುವಾಗ ನಾವು ನೋಡುವುದು ಕೆಟ್ಟದಾಗಿ ನಟಿಸಲೇಬೇಕಾದ ಮನುಷ್ಯನನ್ನು ಚೆನ್ನಾಗಿ ನಟಿಸುತ್ತಿರುವ ನಟನನ್ನು.

(ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಪಾತ್ರಕ್ಕಾಗಿ ಮೊಂತಾಂ ಹತ್ತು ಕಿಲೋಗೂ ಹೆಚ್ಚು ತೂಕ ಇಳಿಸಿಕೊಂಡಿದ್ದರು. ಇಂದು ಇಂಥ ಸಂಗತಿ ಪ್ರಚಾರದ ಮೊದಲ ಸಾಲಾಗಿಬಿಟ್ಟಿದೆ: ನಟ ಎಷ್ಟು ಕಿಲೋ ಇಳಿಸಿದ, ಎಷ್ಟು ದಿನ ಏಕಾಂತ ಕೋಣೆಯಲ್ಲಿದ್ದ, ಊಟಕ್ಕೆ ಏನು ತಿಂದ. ಬಂದಿಯ ಹಸಿವು ಹೀಗೆ ತಾರೆಯ ಸಾಧನೆಯಾಗಿ ಪತ್ರಿಕೆಗಳಲ್ಲಿ ಬರುವಾಗ ನನಗೆ ನಾಚಿಕೆಯಾಗುತ್ತದೆ. ತೂಕ ಇಳಿಸಬೇಕಾಗಿ ಬಂದರೆ ಇಳಿಸಲಿ. ದಯವಿಟ್ಟು ಅದನ್ನು ಮಾರಬೇಡಿ.)

ತಾರೆ ಬೇಡವೆನ್ನುವವರು ಸಾಮಾನ್ಯವಾಗಿ ಮುಂದಿಡುವ ಉದಾಹರಣೆ 1984ರ 'ದಿ ಕಿಲ್ಲಿಂಗ್ ಫೀಲ್ಡ್ಸ್'. ಅದರಲ್ಲಿ ಕಾಂಬೋಡಿಯಾದ ಪತ್ರಕರ್ತ ದಿತ್ ಪ್ರಾನ್ ಪಾತ್ರ ಮಾಡಿದ ಹಾಯಿಂಗ್ ಎಸ್. ನ್ಯೋರ್ ವೃತ್ತಿಯಿಂದ ವೈದ್ಯರು, ಹಿಂದೆಂದೂ ನಟಿಸಿದವರಲ್ಲ. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ನಡೆದ, ಉಗ್ರ ಕಮ್ಯುನಿಸ್ಟ್ ಗುಂಪಾದ ಖಮೇರ್ ರೂಜ್‌ನ ಆಳ್ವಿಕೆಯನ್ನು ಸ್ವತಃ ಅನುಭವಿಸಿ ಬದುಕುಳಿದವರು. ಆ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಆದರೆ ಅವರನ್ನು ನಟನಲ್ಲದ ನಟ ಎಂದು ಕರೆಯುವುದು ಅರ್ಧ ಸತ್ಯ ಮಾತ್ರ. ಓದಿದವರನ್ನು ಹುಡುಕಿ ಕೊಲ್ಲುತ್ತಿದ್ದ ಆ ವರ್ಷಗಳಲ್ಲಿ ತಾವು ವೈದ್ಯರೆಂಬುದನ್ನು ಮುಚ್ಚಿಟ್ಟು, ಏನೂ ತಿಳಿಯದವರಂತೆ ನಟಿಸಿಯೇ ಅವರು ಉಳಿದಿದ್ದರು. ಹೆರಿಗೆಯ ತೊಡಕಿನಿಂದ ಹೆಂಡತಿ ಕಣ್ಣೆದುರೇ ಸಾಯುತ್ತಿದ್ದಾಗಲೂ, ಸ್ವತಃ ಪ್ರಸೂತಿ ತಜ್ಞರಾಗಿದ್ದವರು ಶಸ್ತ್ರಚಿಕಿತ್ಸೆಗೆ ಕೈಹಾಕಲಾಗಲಿಲ್ಲ. ಹೊಸ ಮುಖ ಎಂಬ ಕಾರಣಕ್ಕೆ ಆ ಚಿತ್ರ ಗೆಲ್ಲಲಿಲ್ಲ, ಆ ಮುಖದ ಹಿಂದೆ ಏನಿತ್ತೋ ಅದರಿಂದ ಗೆದ್ದಿತು. ಅಂಥ ಒಬ್ಬರು ಪ್ರತಿ ಚಿತ್ರಕ್ಕೂ ಸಿಗುವುದಿಲ್ಲ. ಸಿಕ್ಕರೂ, ಅನುಭವಿಸಿದ್ದನ್ನೇ ಕ್ಯಾಮೆರಾ ಮುಂದೆ ಮತ್ತೊಮ್ಮೆ ಅನುಭವಿಸು ಎಂದು ಹೇಳುವ ಹಕ್ಕು ನಿಮಗಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಅಪರಿಚಿತ ಮುಖಕ್ಕೆ ಇನ್ನೊಂದು ಅಪಾಯವೂ ಇದೆ. ತಾರೆಯನ್ನು ನೋಡುವಾಗ ಇದು ನಾಟಕ ಎಂಬುದು ಮರೆಯುವುದಿಲ್ಲ. ಮರೆಯದಿರುವುದು ಒಂದು ಬಗೆಯ ಪ್ರಾಮಾಣಿಕತೆ. ಯಾರೆಂದು ತಿಳಿಯದ ಮುಖಗಳು, ಅಲ್ಲಾಡುವ ಕ್ಯಾಮೆರಾ, ಮಸುಕು ಕಪ್ಪುಬಿಳುಪು ಇವೆಲ್ಲ ಸೇರಿದರೆ, ಕಟ್ಟಿದ ದೃಶ್ಯವೇ ದಾಖಲೆಯೆಂದು ನಂಬಿಬಿಡುವ ಸಾಧ್ಯತೆ ಹೆಚ್ಚು. ಫ್ರಾನ್ಸಿನ ಆಳ್ವಿಕೆಯ ವಿರುದ್ಧ ಅಲ್ಜೀರಿಯಾ ನಡೆಸಿದ ಹೋರಾಟದ ಕುರಿತ 1966ರ 'ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್' ಎಷ್ಟು ನಿಜವೆನಿಸುತ್ತಿತ್ತೆಂದರೆ, ಇದರಲ್ಲಿ ನೈಜ ಸುದ್ದಿಚಿತ್ರದ ಒಂದು ಅಡಿ ರೀಲೂ ಇಲ್ಲ ಎಂದು ಅಮೆರಿಕದ ಬಿಡುಗಡೆಯಲ್ಲಿ ಪ್ರಕಟಿಸಬೇಕಾಗಿ ಬಂದಿತ್ತು. ಅದರ ಪಾತ್ರವರ್ಗದಲ್ಲಿ ಒಂದು ಜಾಣತನವೂ ಇದೆ: ಅಲ್ಜೀರಿಯಾದ ಹೋರಾಟಗಾರರ ಪಾತ್ರಗಳನ್ನು ಆ ನಗರದ ಜನರೇ ಮಾಡಿದರು, ಸ್ವತಃ ಹೋರಾಟದ ನಾಯಕರಲ್ಲಿ ಒಬ್ಬರಾಗಿದ್ದ ಸಾದಿ ಯಾಸೆಫ್ ಕೂಡ ಅವರಲ್ಲಿದ್ದರು, ಚಿತ್ರಹಿಂಸೆಯನ್ನು ತಣ್ಣನೆಯ ತರ್ಕದಿಂದ ಸಮರ್ಥಿಸುವ ಫ್ರೆಂಚ್ ಕರ್ನಲ್ ಪಾತ್ರ ಮಾತ್ರ ವೃತ್ತಿನಟ ಜಾನ್ ಮಾರ್ತಾಂ ಅವರದು. ಪತ್ರಕರ್ತರ ಮುಂದೆ ಮಾತಿನ ಬಲೆ ನೇಯುವ ಕೆಲಸ ಅಧಿಕಾರದ್ದು, ಆದ್ದರಿಂದ ಅಭಿನಯದ ತರಬೇತಿಯೂ ಆ ಕಡೆಗೇ ಇರಲಿ ಎಂಬ ಆಯ್ಕೆ ನನಗೆ ತುಂಬ ಸರಿಯೆನಿಸುತ್ತದೆ.

ಹಾಗಾದರೆ ಕೆಡುಕು ಎಲ್ಲಿದೆ? ನನ್ನ ಮಟ್ಟಿಗೆ ಅದು ಮುಖದಲ್ಲಲ್ಲ, ಕಥೆಯ ನಡುವೆ ಯಾರನ್ನು ಕೂರಿಸುತ್ತೀರಿ ಎಂಬುದರಲ್ಲಿದೆ, ಆ ತೀರ್ಮಾನವನ್ನು ಎಷ್ಟೋ ಸಲ ಹಣ ಹಾಕುವವರು ತೆಗೆದುಕೊಳ್ಳುತ್ತಾರೆ ಎಂಬುದರಲ್ಲಿದೆ. ರಿಚರ್ಡ್ ಅಟೆನ್‌ಬರೊ ಅವರ 'ಕ್ರೈ ಫ್ರೀಡಂ' 1987ರಲ್ಲಿ ಬಂದಾಗ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಇನ್ನೂ ಜೀವಂತವಾಗಿತ್ತು, ಆದ್ದರಿಂದ ಅದರ ಧೈರ್ಯವನ್ನು ಕಡೆಗಣಿಸಲಾರೆ. ಕಪ್ಪು ಜನರ ಆತ್ಮಗೌರವದ ಚಳವಳಿ ಕಟ್ಟಿದ ಸ್ಟೀವ್ ಬಿಕೊ ಪೊಲೀಸರ ಹೊಡೆತದಿಂದ 1977ರ ಸೆಪ್ಟೆಂಬರ್ 12ರಂದು, 30ನೆಯ ವಯಸ್ಸಿನಲ್ಲಿ ಬಂಧನದಲ್ಲೇ ತೀರಿಕೊಂಡವರು. ಆ ಪಾತ್ರದಲ್ಲಿ ಡೆಂಜೆಲ್ ವಾಷಿಂಗ್ಟನ್ ಇದ್ದರು, ಆಗಿನ್ನೂ ಅವರು ದೊಡ್ಡ ತಾರೆಯಲ್ಲ. ಆದರೆ ಚಿತ್ರದ ಸುಮಾರು ನಡುಭಾಗದಲ್ಲೇ ಬಿಕೊ ಸತ್ತುಹೋಗುತ್ತಾರೆ; ಉಳಿದ ಭಾಗದಲ್ಲಿ ಅವರ ಗೆಳೆಯ, ಬಿಳಿಯ ಪತ್ರಕರ್ತ ಡೊನಾಲ್ಡ್ ವುಡ್ಸ್, ಅಂದರೆ ಕೆವಿನ್ ಕ್ಲೈನ್, ವೇಷ ಮರೆಸಿಕೊಂಡು ಗಡಿ ದಾಟುವ ರೋಚಕ ಪ್ರಸಂಗ ನಡೆಯುತ್ತದೆ. ಬಂದಿ ಸತ್ತ, ಸಾಕ್ಷಿ ಪಾರಾದ, ಪ್ರೇಕ್ಷಕ ನಿಟ್ಟುಸಿರುಬಿಟ್ಟ. ಕೊನೆಯಲ್ಲಿ ಬಂಧನದಲ್ಲಿ ಸತ್ತವರ ಹೆಸರುಗಳೂ, ಸರ್ಕಾರ ಆ ಸಾವುಗಳಿಗೆ ಕೊಟ್ಟ ಕಾರಣಗಳೂ ತೆರೆಯ ಮೇಲೆ ಒಂದೊಂದಾಗಿ ಬರುತ್ತವೆ: ನೇಣು ಹಾಕಿಕೊಂಡ, ಮೆಟ್ಟಿಲಿನಿಂದ ಬಿದ್ದ, ಸ್ನಾನದಲ್ಲಿ ಜಾರಿದ. ಎರಡೂವರೆ ಗಂಟೆಯ ಚಿತ್ರದಲ್ಲಿ ನನ್ನ ಮೈ ನಡುಗಿಸಿದ್ದು ಯಾವ ನಟನೂ ಇಲ್ಲದ ಆ ಪಟ್ಟಿ.

ಇಲ್ಲಿ ವಿತರಕರ ಉತ್ತರವನ್ನು ನಾನೇ ಹೇಳಿಬಿಡಬಲ್ಲೆ. ಗೊತ್ತಿರುವ ಮುಖವಿಲ್ಲದ ಇಂಥ ಚಿತ್ರ ಉತ್ಸವಗಳಲ್ಲಿ ನಾಲ್ಕು ಜನ ನೋಡಿ ಚಪ್ಪಾಳೆ ತಟ್ಟುವಲ್ಲಿಗೆ ಮುಗಿಯುತ್ತದೆ. ಯಾರೂ ನೋಡದ ಚಿತ್ರದಿಂದ ಸತ್ತವರಿಗೂ ಉಪಕಾರವಿಲ್ಲ, ಬದುಕಿರುವವರಿಗೂ ಇಲ್ಲ. ಇದು ಲಾಭಕೋರರ ಮಾತು ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಬ್ರೆಜಿಲ್ಲಿನ ಸೇನಾಡಳಿತದ ಕಾಲದಲ್ಲಿ, 1971ರ ಜನವರಿಯಲ್ಲಿ, ಮಾಜಿ ಸಂಸದ ರೂಬೆನ್ಸ್ ಪೈವಾ ಅವರನ್ನು ರಿಯೊದ ಮನೆಯಿಂದ ಕರೆದೊಯ್ದರು. ಅವರು ಮರಳಲಿಲ್ಲ, ಮರಣದ ಪ್ರಮಾಣಪತ್ರ ಪಡೆಯಲು ಪತ್ನಿ ಯೂನಿಸ್ 1996ರವರೆಗೆ ಕಾಯಬೇಕಾಯಿತು. ಈ ಕಥೆಯ 'ಐಯಾಮ್ ಸ್ಟಿಲ್ ಹಿಯರ್' 2024ರಲ್ಲಿ ಬಿಡುಗಡೆಯಾದಾಗ ಬ್ರೆಜಿಲ್ಲಿನಲ್ಲೇ 50 ಲಕ್ಷಕ್ಕೂ ಹೆಚ್ಚು ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು, ಮರುವರ್ಷ ಅದಕ್ಕೆ ಅತ್ಯುತ್ತಮ ಅಂತಾರಾಷ್ಟ್ರೀಯ ಚಿತ್ರದ ಆಸ್ಕರ್ ಬಂತು. ಯೂನಿಸ್ ಪಾತ್ರದಲ್ಲಿದ್ದ ಫರ್ನಾಂಡಾ ಟೊರೆಸ್ ಆ ದೇಶದ ಅತ್ಯಂತ ಪರಿಚಿತ ಮುಖಗಳಲ್ಲೊಂದು, ಅದರಲ್ಲೂ ಟೆಲಿವಿಷನ್ನಿನ ಹಾಸ್ಯ ಧಾರಾವಾಹಿಗಳಿಂದ. ವಯಸ್ಸಾದ ಯೂನಿಸ್ ಪಾತ್ರದಲ್ಲಿ ಕೆಲವೇ ನಿಮಿಷ ಕಾಣಿಸುವವರು ಅವರ ತಾಯಿ, ಬ್ರೆಜಿಲ್ಲಿನ ರಂಗಭೂಮಿಯ ಹಿರಿಯ ಜೀವ ಫರ್ನಾಂಡಾ ಮೊಂಟೆನೆಗ್ರೊ.

ಈ ಚಿತ್ರ ನನಗೆ ಎರಡು ಪಾಠ ಕಲಿಸಿತು. ಪರಿಚಯ ಎಂಬುದು ನೋಡುವವನ ಜಾಗಕ್ಕೆ ಸೇರಿದ್ದು. ನಾನು ಹೊಸ ಮುಖವೆಂದು ನೋಡಿದ್ದನ್ನು ಅಲ್ಲಿನವರು ಮನೆಮಗಳೆಂದು ನೋಡಿದರು, ಒಂದೇ ಅಭಿನಯ ಎರಡು ಬೇರೆ ಬೇರೆ ಚಿತ್ರಗಳಾಗಿ ಕೆಲಸ ಮಾಡಿತು. ತಾರೆ ಚಿತ್ರವನ್ನು ಕೆಡಿಸುತ್ತಾರೆ ಎಂದು ಎಲ್ಲರಿಗೂ ಅನ್ವಯಿಸುವಂತೆ ಹೇಳುವುದು ಆದ್ದರಿಂದಲೇ ಅಸಾಧ್ಯ. ಎರಡನೆಯದು ಇನ್ನೂ ಸೂಕ್ಷ್ಮ. ಯೂನಿಸ್ ತಮ್ಮ ಮಕ್ಕಳ ಎದುರು ಅಳದೆ, ಪತ್ರಿಕೆಯ ಛಾಯಾಗ್ರಾಹಕ ಗಂಭೀರವಾಗಿರಿ ಎಂದಾಗಲೂ ನಗಿ ಎಂದು ಮಕ್ಕಳಿಗೆ ಹೇಳುವ ಹೆಂಗಸು. ನಗಿಸುವುದನ್ನೇ ಕಸುಬಾಗಿಸಿಕೊಂಡಿದ್ದ ನಟಿ ಆ ನಗೆಯನ್ನು ಪ್ರತಿಭಟನೆಯಾಗಿ ಬಳಸುವಾಗ, ಅವರ ಹಳೆಯ ಪಾತ್ರಗಳ ನೆನಪು ಚಿತ್ರಕ್ಕೆ ಅಡ್ಡ ಬರುವ ಬದಲು ಒಳಗಿನಿಂದ ಶಕ್ತಿ ಕೊಡುತ್ತದೆ. 1982ರ 'ಮಿಸ್ಸಿಂಗ್' ಚಿತ್ರದಲ್ಲಿ, ಚಿಲಿಯ ಸೇನಾಕ್ರಾಂತಿಯಲ್ಲಿ ಕಾಣೆಯಾದ ಮಗನನ್ನು ಹುಡುಕುವ ಅಮೆರಿಕದ ತಂದೆಯಾಗಿ ಜಾಕ್ ಲೆಮನ್ ಮಾಡಿದ್ದೂ ಇದೇ ಬಗೆಯ ಕೆಲಸ: ಹಾಸ್ಯಚಿತ್ರಗಳ ಆ ಒಳ್ಳೆಯ, ನಿರುಪದ್ರವಿ ನಾಗರಿಕನೇ ತನ್ನ ಸರ್ಕಾರ ಸುಳ್ಳು ಹೇಳುತ್ತಿದೆಯೆಂದು ಅರಿಯುವಾಗ ನೋಡುವವರ ನಂಬಿಕೆಯೂ ಜೊತೆಯಲ್ಲಿ ಒಡೆಯುತ್ತದೆ.

ಪ್ರಸಿದ್ಧಿಯನ್ನೇ ವಿಷಯವಾಗಿಸಿಕೊಂಡ ಒಂದು ಚಿತ್ರದ ಬಗ್ಗೆ ಹೇಳದಿರಲಾರೆ. ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಲೇಖಕರನ್ನೂ ನಟರನ್ನೂ ಕಪ್ಪುಪಟ್ಟಿಗೆ ಸೇರಿಸಿ ಅನ್ನಕ್ಕೆ ಕಲ್ಲು ಹಾಕಿದ ಕಾಲದ ಕುರಿತು 1976ರಲ್ಲಿ 'ದಿ ಫ್ರಂಟ್' ಬಂತು. ಕೆಲಸ ಕಳೆದುಕೊಂಡ ಲೇಖಕರ ಬರಹಕ್ಕೆ ತನ್ನ ಹೆಸರನ್ನು ಬಾಡಿಗೆಗೆ ಕೊಡುವ ಒಬ್ಬ ಸಾಮಾನ್ಯ ಕ್ಯಾಷಿಯರ್ ಅದರ ನಾಯಕ. ಆ ಪಾತ್ರ ಮಾಡಿದವರು ಆಗಲೇ ಪ್ರಸಿದ್ಧರಾಗಿದ್ದ ವುಡಿ ಅಲೆನ್. ನಿರ್ದೇಶಕ ಮಾರ್ಟಿನ್ ರಿಟ್, ಚಿತ್ರಕಥೆ ಬರೆದ ವಾಲ್ಟರ್ ಬರ್ನ್‌ಸ್ಟೈನ್, ನಟ ಜೀರೊ ಮೊಸ್ಟೆಲ್ ಮೊದಲಾದವರು ಮಾತ್ರ ನಿಜವಾಗಿ ಕಪ್ಪುಪಟ್ಟಿಗೆ ಸೇರಿದ್ದವರು, ಕೊನೆಯ ಶೀರ್ಷಿಕೆಗಳಲ್ಲಿ ಅವರ ಹೆಸರಿನ ಜೊತೆಗೆ ಯಾವ ವರ್ಷ ಪಟ್ಟಿಗೆ ಸೇರಿದರು ಎಂಬುದೂ ಬರುತ್ತದೆ. ಕಥೆಯಲ್ಲಿ ಹೆಸರಿಲ್ಲದವನು ಹೆಸರಾದವರ ಮುಂದೆ ಪರದೆಯಾಗಿ ನಿಲ್ಲುತ್ತಾನೆ. ಚಿತ್ರದ ಹೊರಗೆ ತಾರೆಯೊಬ್ಬರು ಹೆಸರು ಕಳೆದುಕೊಂಡಿದ್ದವರ ಮುಂದೆ ನಿಂತು ಅವರ ಚಿತ್ರ ಬೆಳಕು ಕಾಣುವಂತೆ ಮಾಡುತ್ತಾರೆ. ತಾರೆಯನ್ನು ಮಾರುಕಟ್ಟೆಗಾಗಿ ಬಳಸಿಕೊಳ್ಳುವುದಾದರೆ ಹೀಗೆ, ಕಣ್ಣು ಮುಚ್ಚಾಲೆಯಿಲ್ಲದೆ, ಬಳಸಿಕೊಳ್ಳಬಹುದು. ಅದೇ ಕಾಲದ ಬಗ್ಗೆ 2005ರಲ್ಲಿ 'ಗುಡ್ ನೈಟ್, ಅಂಡ್ ಗುಡ್ ಲಕ್' ಮಾಡಿದ ಜಾರ್ಜ್ ಕ್ಲೂನಿ, ತಾವೇ ದೊಡ್ಡ ತಾರೆಯಾಗಿದ್ದರೂ, ಮುಖ್ಯ ಪಾತ್ರವನ್ನು ಡೇವಿಡ್ ಸ್ಟ್ರದೇರ್ನ್ ಅವರಿಗೆ ಬಿಟ್ಟುಕೊಟ್ಟು ಪಕ್ಕದ ಪಾತ್ರಕ್ಕೆ ಸರಿದರು. ಕಮ್ಯುನಿಸ್ಟರ ಬೇಟೆಗೆ ಹೆಸರಾಗಿದ್ದ ಸೆನೆಟರ್ ಮೆಕಾರ್ಥಿಯ ಪಾತ್ರವನ್ನು ಯಾರಿಗೂ ಕೊಡದೆ ಹಳೆಯ ಸುದ್ದಿಚಿತ್ರದ ತುಣುಕುಗಳಲ್ಲಿ ಅವರನ್ನೇ ತೋರಿಸಿದರು. ಪ್ರಾಯೋಗಿಕ ಪ್ರದರ್ಶನ ನೋಡಿದ ಕೆಲವರು ಮೆಕಾರ್ಥಿ ಪಾತ್ರಧಾರಿಯ ಅಭಿನಯ ಅತಿಯಾಯಿತು ಎಂದು ದೂರಿದ ಸಂಗತಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನನಗೆ ಆ ದೂರು ಕೇಳಿ ನಗು ಬಂತು, ಆಮೇಲೆ ನಗು ನಿಂತುಹೋಯಿತು.

ಇನ್ನು ನನ್ನ ಕೋರಿಕೆಗಳು. ತಾರೆಯನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ಚಿತ್ರಕಥೆ ಪೂರ್ತಿಯಾಗುವ ಮೊದಲು ಯಾವ ಹೆಸರನ್ನೂ ಒಪ್ಪಿಕೊಳ್ಳಬೇಡಿ ಎಂದು ಕೇಳುತ್ತಿದ್ದೇನೆ, ಏಕೆಂದರೆ ಹೆಸರು ಮೊದಲು ಬಂದರೆ ಅದರ ಹಿಂದೆ ಒಂದು ಭಾಷಣ, ಒಂದು ಕಣ್ಣೀರಿನ ಕ್ಲೋಸಪ್, ಸಾಯುವ ಮುನ್ನ ಗೋಡೆಯ ಕಿಂಡಿಯಿಂದ ಬೀಳುವ ಒಂದು ಬೆಳಕಿನ ಕೋಲು ಎಲ್ಲವೂ ತಾನಾಗಿಯೇ ಬಂದು ಸೇರುತ್ತವೆ. ನೈಜ ವಿಚಾರಣೆಗಳಲ್ಲಿ ಬಂದಿಗೆ ಭಾಷಣಕ್ಕೆ ಅವಕಾಶ ಸಿಕ್ಕಿದ್ದು ಅಪರೂಪ. ಸಿಕ್ಕವರ ಮಾತು ದಾಖಲೆಯಲ್ಲಿದ್ದರೆ ಅದನ್ನೇ ಆಡಿಸಿ, ಇಲ್ಲವಾದರೆ ಆ ಮೌನವನ್ನು ತುಂಬಬೇಡಿ. ತಾರೆ ಬೇಕೇ ಬೇಕೆಂದಾದರೆ, ಬಂದಿಯ ಪಾತ್ರದ ಬದಲು ಗುಮಾಸ್ತನ, ಮಾಹಿತಿದಾರನ, ಸಹಿ ಹಾಕಿ ಮನೆಗೆ ಹೋಗಿ ಮಕ್ಕಳೊಡನೆ ಆಡುವ ನ್ಯಾಯಾಧೀಶನ ಪಾತ್ರವನ್ನು ಅವರ ಮುಂದಿಡುವ ಧೈರ್ಯ ಮಾಡಿ. ನಾವು ಪ್ರೀತಿಸುವ ಮುಖ ಆ ಕಾಗದಕ್ಕೆ ಸಹಿ ಹಾಕುವುದನ್ನು ನೋಡುವ ಕಸಿವಿಸಿಯಲ್ಲಿ ದಮನ ಹೇಗೆ ನಡೆಯುತ್ತದೆ ಎಂಬುದರ ಅರ್ಧ ವಿವರಣೆ ಇದೆ. ತಾರೆಯರ ಪ್ರತಿಷ್ಠೆಗೆ ಇದು ಒಪ್ಪುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪದ ತಾರೆಗೆ ಈ ಚಿತ್ರಗಳಲ್ಲಿ ಕೆಲಸವಿಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಕೊನೆಯದು ಭಾವಚಿತ್ರಗಳ ವಿಷಯ. ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನ ತೂಲ್ ಸ್ಲೆಂಗ್ ಸೆರೆಮನೆಯಲ್ಲಿ ಖಮೇರ್ ರೂಜ್ ಆಡಳಿತ ತಾನು ಕೊಲ್ಲಲಿದ್ದ ಬಂದಿಗಳ ಸಾವಿರಾರು ಫೋಟೊಗಳನ್ನು ತೆಗೆಸಿಟ್ಟಿತ್ತು. ಅವರಲ್ಲಿ ಎಷ್ಟೋ ಜನರ ಮುಖ ಇಂದು ಉಳಿದಿರುವುದು ಅವರನ್ನು ಕೊಂದವರು ತೆಗೆದ ಆ ಒಂದು ಚಿತ್ರದಲ್ಲಿ ಮಾತ್ರ. ಇಂಥ ಮುಖದ ಮೇಲೆ ತಾರೆಯ ಮುಖ ಕೂತರೆ ಮುಂದಿನ ತಲೆಮಾರಿಗೆ ನೆನಪಿರುವುದು ತಾರೆಯದು. ಈಗ ರೂಢಿಯಲ್ಲಿರುವ ಪ್ರಕಾರ ನೀವು ನಿಜವಾದ ವ್ಯಕ್ತಿಯ ಫೋಟೊವನ್ನು ಚಿತ್ರದ ಕೊನೆಯಲ್ಲಿ ತೋರಿಸುತ್ತೀರಿ. ಅಲ್ಲಿ ಅದನ್ನು ನೋಡುವ ಪ್ರೇಕ್ಷಕ, ನನ್ನನ್ನೂ ಸೇರಿಸಿ, ನಟ ಎಷ್ಟು ಚೆನ್ನಾಗಿ ಹೋಲುತ್ತಿದ್ದಾನೆ ಎಂದು ಹೋಲಿಸುತ್ತ ಎದ್ದು ಹೊರಡುತ್ತಾನೆ; ಸತ್ತವನ ಮುಖ ಪ್ರಸಾಧನ ಕಲಾವಿದರ ಪರೀಕ್ಷೆಯ ಉತ್ತರಪತ್ರಿಕೆಯಾಗಿಬಿಡುತ್ತದೆ. ಆ ಫೋಟೊವನ್ನು ಮೊದಲ ಚೌಕಟ್ಟಿಗೆ ತನ್ನಿ, ಹೆಸರು ಬರೆಯಿರಿ, ಸಂಗೀತ ಹಾಕಬೇಡಿ, ಕಣ್ಣು ಒಗ್ಗುವಷ್ಟು ಹೊತ್ತು ಅದು ತೆರೆಯ ಮೇಲಿರಲಿ. ನಿಮ್ಮ ತಾರೆ ಅದರ ನಂತರ ಬರಲಿ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ಪ್ರೇಕ್ಷಕ